ಕೀಲಿ ತೆಗೆದರೂ ನಿಲ್ಲದ ಸೆಲ್ಫ್

ಬಟನ್ನಿನಿಂದ ಬೆರಳು ತೆಗೆದದ್ದಾಯಿತು, ಕೀಲಿ ಕಿತ್ತು ಕೈಯಲ್ಲಿ ಹಿಡಿದದ್ದೂ ಆಯಿತು, ಬೈಕಿನ ಸೆಲ್ಫ್ ಮಾತ್ರ ಕಿರ್ರೆಂದು ಸುತ್ತುತ್ತಲೇ ಇದೆ. ಬೈಕಿಗೆ ಬರುವ ಕೆಡುಕುಗಳಲ್ಲಿ ಸವಾರನನ್ನು ಇಷ್ಟು ಗಾಬರಿಗೊಳಿಸುವುದು ಇನ್ನೊಂದಿಲ್ಲ. ಸ್ಟಾರ್ಟ್ ಆಗದ ಬೈಕನ್ನು ತಳ್ಳಿಕೊಂಡಾದರೂ ಹೋಗಬಹುದು, ನಿಲ್ಲಲೊಲ್ಲದ್ದನ್ನು ಏನು ಮಾಡುವುದು? ಗ್ಯಾರೇಜಿನಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದು: ‘ರಿಲೇ ಹೋಗಿದೆ, ಹೊಸದು ಹಾಕಿದ್ರೆ ಸರಿ ಹೋಗುತ್ತೆ.’ ಆ ಮಾತು ಸುಳ್ಳಲ್ಲ. ಹೆಚ್ಚಿನ ಸಲ ರಿಲೇ ಹೋಗಿರುತ್ತದೆ, ಹೊಸದು ಹಾಕಿದರೆ ಸರಿಯೂ ಹೋಗುತ್ತದೆ. ಎಷ್ಟು ದಿನದ ಮಟ್ಟಿಗೆ ಎಂಬುದೇ ಪ್ರಶ್ನೆ. ರಿಲೇ ತಾನಾಗಿ ಹೋಗುವುದು ಅಪರೂಪ, ಬೇರೆ ಯಾವುದೋ ಅದನ್ನು ಹಾಳುಮಾಡಿರುತ್ತದೆ, ಆ ಬೇರೆ ಯಾವುದೋ ಬಹುಮಟ್ಟಿಗೆ ಸೋತ ಬ್ಯಾಟರಿ ಅಥವಾ ತುಕ್ಕು ಹಿಡಿದ ಕೇಬಲು ಎಂಬುದು ಈ ಬರಹದ ವಾದ. ಅದನ್ನು ಹುಡುಕದೆ ರಿಲೇ ಮಾತ್ರ ಬದಲಿಸಿದರೆ ಹೊಸ ರಿಲೇಗೂ ಹಳೆಯದರ ಗತಿಯೇ ಕಾದಿರುತ್ತದೆ.

ಕೀಲಿ ತೆಗೆದರೂ ಸೆಲ್ಫ್ ಯಾಕೆ ನಿಲ್ಲುವುದಿಲ್ಲ ಎಂಬಲ್ಲಿಂದಲೇ ಶುರುಮಾಡೋಣ. ಸೆಲ್ಫ್ ಮೋಟರು ಎಳೆಯುವ ಕರೆಂಟು ಸಣ್ಣ ಬೈಕುಗಳಲ್ಲೂ ಹತ್ತಾರು ಆಂಪಿಯರ್. ನಿಂತ ಮೋಟರು ತಿರುಗಲು ತೊಡಗುವ ಕ್ಷಣದಲ್ಲಂತೂ ಅದಕ್ಕಿಂತ ಬಹಳ ಹೆಚ್ಚು. ಹ್ಯಾಂಡಲಿನ ಮೇಲಿನ ಪುಟ್ಟ ಬಟನ್ನಾಗಲಿ, ಕೀಲಿಯ ಕೆಳಗಿನ ಸ್ವಿಚ್ಚಾಗಲಿ, ಅಲ್ಲಿಗೆ ಹೋಗುವ ತೆಳು ವೈರುಗಳಾಗಲಿ ಅಷ್ಟನ್ನು ತಾಳಲಾರವು. ಅದಕ್ಕೇ ಎರಡು ದಾರಿ ಮಾಡಿರುತ್ತಾರೆ. ಒಂದು ದಪ್ಪ ಕೇಬಲಿನದು: ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟು, ರಿಲೇಯೊಳಗಿನ ಎರಡು ತಾಮ್ರದ ಕಾಂಟ್ಯಾಕ್ಟುಗಳನ್ನು ಹಾದು, ನೇರವಾಗಿ ಮೋಟರಿಗೆ. ಇನ್ನೊಂದು ತೆಳು ವೈರಿನದು: ಕೀಲಿ, ಬಟನ್, ನ್ಯೂಟ್ರಲ್ ಸ್ವಿಚ್, ಕ್ಲಚ್ ಸ್ವಿಚ್ ಇವನ್ನೆಲ್ಲ ಸುತ್ತಿಕೊಂಡು ರಿಲೇಯ ಕಾಯಿಲಿಗೆ ಮೂರು ನಾಲ್ಕು ಆಂಪಿಯರ್ ಮುಟ್ಟಿಸುತ್ತದೆ. ಕಾಯಿಲು ಅಯಸ್ಕಾಂತವಾಗಿ ಒಂದು ತಾಮ್ರದ ಪಟ್ಟಿಯನ್ನು ಎಳೆದು ದಪ್ಪ ದಾರಿಯನ್ನು ಕೂಡಿಸುತ್ತದೆ. ಬೆರಳು ತೆಗೆದೊಡನೆ ಒಳಗಿನ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ತಳ್ಳುತ್ತದೆ. ಕಾಲುವೆಯ ತೂಬನ್ನು ನೀರಗಂಟಿ ಎತ್ತಿ ಇಳಿಸಿದ ಹಾಗೆ. ತೂಬಿನ ಹಲಗೆ ಮೇಲೆಯೇ ಕಚ್ಚಿಕೊಂಡರೆ ನೀರಗಂಟಿ ಮನೆಗೆ ಹೋಗಿ ಮಲಗಿದರೂ ನೀರು ಹರಿಯುತ್ತಲೇ ಇರುತ್ತದೆ. ರಿಲೇಯ ಕಾಂಟ್ಯಾಕ್ಟುಗಳು ಒಂದಕ್ಕೊಂದು ಬೆಸೆದುಕೊಂಡಾಗ ಆಗುವುದೂ ಅದೇ. ಕೀಲಿ, ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಯಾವುವೂ ಆ ದಪ್ಪ ದಾರಿಯಲ್ಲಿ ಇಲ್ಲ. ಫ್ಯೂಸ್ ಕಿತ್ತರೂ ಫಲವಿಲ್ಲ. ಬೈಕಿನ ಉಳಿದ ವೈರಿಂಗನ್ನು ಕಾಯುವ ಹತ್ತು, ಇಪ್ಪತ್ತು, ಮೂವತ್ತು ಆಂಪಿಯರಿನ ಫ್ಯೂಸು ಸೆಲ್ಫಿನ ಕರೆಂಟಿಗೆ ಮೊದಲ ಏಟಿಗೇ ಉರಿದುಹೋದೀತೆಂದು ಬಹುತೇಕ ಬೈಕುಗಳಲ್ಲಿ ಸೆಲ್ಫ್ ಕೇಬಲನ್ನು ಅದರ ಹೊರಗೇ ಇಟ್ಟಿರುತ್ತಾರೆ.

ಹಾಗಾದರೆ ಆ ಗಳಿಗೆಯಲ್ಲಿ ಮಾಡಬೇಕಾದ್ದೇನು? ಮೊದಲು ಕೀಲಿ ಆಫ್, ಬೈಕು ನ್ಯೂಟ್ರಲ್‌ಗೆ. ಅದಕ್ಕೂ ಬಗ್ಗದಿದ್ದರೆ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚುವುದು. ಪಾಸಿಟಿವ್ ತುದಿಗೆ ಮೊದಲು ಕೈಹಾಕಬಾರದು. ಬೈಕಿನ ಚಾಸಿಸ್ಸು ಪೂರ್ತಿ ನೆಗೆಟಿವ್ ಆಗಿರುವುದರಿಂದ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರು ಚಾಸಿಸ್ಸಿಗೆ ತಾಗಿದರೆ ಅಲ್ಲೇ ಶಾರ್ಟ್. ನೆಗೆಟಿವ್ ಬಿಚ್ಚುವಾಗ ತಾಗಿದರೆ ಏನೂ ಆಗದು. ತುದಿ ಕಳಚುವಾಗ ಕಿಡಿಯಂತೂ ಹಾರುತ್ತದೆ, ಆದ್ದರಿಂದ ಪೆಟ್ರೋಲ್ ಸೋರಿರುವ ವಾಸನೆ ಇದ್ದರೆ ಹತ್ತಿರ ಹೋಗದಿರುವುದೇ ಲೇಸು. ರಿಲೇ ಎಲ್ಲಿದೆಯೆಂದು ಗೊತ್ತಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಮೇಲೆ ಎರಡು ಸಲ ತಟ್ಟಿದಾಗ ಅಂಟಿದ ಕಾಂಟ್ಯಾಕ್ಟು ಬಿಟ್ಟುಕೊಳ್ಳುವುದೂ ಉಂಟು. ಕೆಲವರು ಗೇರಿಗೆ ಹಾಕಿ ಬ್ರೇಕು ಒತ್ತಿ ಮೋಟರನ್ನು ತಡೆಯಲು ನೋಡುತ್ತಾರೆ, ಇದು ಮಾತ್ರ ಕೂಡದು. ತಿರುಗುವ ಮೋಟರು ಬ್ಯಾಟರಿಗೆ ಎದುರಾಗಿ ತಾನೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಹತೋಟಿಯಲ್ಲಿ ಇಡುತ್ತಿರುತ್ತದೆ. ಹಟದಿಂದ ನಿಲ್ಲಿಸಿದರೆ ಆ ತಡೆ ಇಲ್ಲದಾಗಿ ಕರೆಂಟು ಗರಿಷ್ಠಕ್ಕೇರುತ್ತದೆ, ಕೇಬಲು ಹೊಗೆಯಾಡುತ್ತದೆ. ಮೇಲಾಗಿ, ಬೆಸೆದ ರಿಲೇಗೆ ನ್ಯೂಟ್ರಲ್ ಸ್ವಿಚ್ಚೂ ಗೊತ್ತಿಲ್ಲ, ಕ್ಲಚ್ ಸ್ವಿಚ್ಚೂ ಗೊತ್ತಿಲ್ಲ. ಗೇರಿನಲ್ಲಿ ಕ್ಲಚ್ ಬಿಟ್ಟರೆ ಬೈಕು ಎದುರಿಗೆ ನಿಂತವರ ಮೇಲೆ ಹಾರೀತು.

ಸದ್ದು ನಿಂತ ಮೇಲೆ ವಿಚಾರಣೆ. ಮಲ್ಟಿಮೀಟರು ಇಲ್ಲದೆಯೂ ಅರ್ಧ ದಾರಿ ಸವೆಸಬಹುದು. ಕೀಲಿ ಆಫ್ ಮಾಡಿದೊಡನೆ ಸೆಲ್ಫ್ ನಿಂತಿದ್ದರೆ ರಿಲೇಯ ಕಾಂಟ್ಯಾಕ್ಟು ಚೆನ್ನಾಗಿಯೇ ಇದೆ, ಕಾಯಿಲಿಗೆ ಯಾರೋ ತಪ್ಪಾಗಿ ಕರೆಂಟು ಕೊಡುತ್ತಿದ್ದಾರೆ ಎಂದರ್ಥ. ಕೀಲಿ ತೆಗೆದರೂ ನಿಲ್ಲದಿದ್ದರೆ ಅನುಮಾನ ಕಾಂಟ್ಯಾಕ್ಟಿನ ಮೇಲೆ. ಖಚಿತಪಡಿಸಿಕೊಳ್ಳಲು ರಿಲೇಯ ತೆಳು ವೈರಿನ ಕನೆಕ್ಟರು ಕಳಚಿ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಒಂದು ಕ್ಷಣ ಮುಟ್ಟಿಸಿ ನೋಡಬೇಕು. ಆಗಲೂ ಮೋಟರು ತಿರುಗಿದರೆ ರಿಲೇ ಬೆಸೆದಿದೆ, ಚರ್ಚೆಗೆ ಜಾಗವಿಲ್ಲ. ತಿರುಗದೆ ಸುಮ್ಮನಿದ್ದು, ಕನೆಕ್ಟರು ಹಾಕಿ ಕೀಲಿ ಆನ್ ಮಾಡಿದಾಗ ಬಟನ್ ಒತ್ತದೆಯೇ ತಿರುಗಿದರೆ ತಪ್ಪು ತೆಳು ದಾರಿಯಲ್ಲಿದೆ. ಬಟನ್ನಿನ ಸ್ಪ್ರಿಂಗು ಮಣ್ಣು ಹಿಡಿದು ಮೇಲೇಳದಿರಬಹುದು, ಮಳೆನೀರು ಒಳಗೆ ನಿಂತಿರಬಹುದು. ಬಹಳಷ್ಟು ಬೈಕುಗಳಲ್ಲಿ ಬಟನ್ನಿನ ಕೆಲಸ ಕಾಯಿಲಿನ ಒಂದು ತುದಿಯನ್ನು ಅರ್ತ್ ಮಾಡುವುದಷ್ಟೇ. ಅಂಥ ಬೈಕಿನಲ್ಲಿ ಹ್ಯಾಂಡಲಿನ ಕುತ್ತಿಗೆಯ ಬಳಿ ತಿರುಗಿ ತಿರುಗಿ ವೈರಿನ ಸಿಪ್ಪೆ ಸವೆದು ತಾಮ್ರ ಚಾಸಿಸ್ಸಿಗೆ ತಾಗಿದರೆ ಸಾಕು, ಬಟನ್ ಒತ್ತಿದಂತೆಯೇ ಲೆಕ್ಕ. ಹ್ಯಾಂಡಲನ್ನು ಆಚೀಚೆ ಹೊರಳಿಸಿದಾಗ ಸದ್ದು ನಿಂತು ಮತ್ತೆ ಬಂದರೆ ಇದೇ ರೋಗ. ರಿಮೋಟಿನಿಂದ ಸ್ಟಾರ್ಟ್ ಮಾಡುವ ಅಲಾರಂ, ಹೆಚ್ಚುವರಿ ಫಾಗ್ ಲೈಟು, ಮೊಬೈಲ್ ಚಾರ್ಜರು ಇತ್ಯಾದಿ ಹಾಕಿಸಿದವರು ಅದನ್ನು ಹಾಕಿದಾತ ಯಾವ ವೈರಿಗೆ ಯಾವುದನ್ನು ಸುತ್ತಿದ್ದಾನೆಂದು ಮೊದಲು ನೋಡುವುದು ಒಳ್ಳೆಯದು. ಇನ್ನೊಂದು ಮೋಸದ ಸದ್ದೂ ಇದೆ: ಎಂಜಿನ್ ಸ್ಟಾರ್ಟ್ ಆದ ಮೇಲೂ ಸೆಲ್ಫಿನಂಥ ಕೂಗು ಮುಂದುವರಿದು, ಎಂಜಿನ್ ಆಫ್ ಮಾಡಿದಾಗ ಅದರೊಂದಿಗೇ ನಿಂತುಹೋದರೆ ವಿದ್ಯುತ್ತಿನ ದೋಷವಲ್ಲ. ಎಂಜಿನ್ ವೇಗ ಹಿಡಿದಾಗ ಮೋಟರನ್ನು ಬಿಟ್ಟುಕೊಡಬೇಕಾದ ಒನ್‌ವೇ ಕ್ಲಚ್ ಬಿಟ್ಟುಕೊಡುತ್ತಿಲ್ಲ. ಅದು ಎಂಜಿನ್ ಬಿಚ್ಚುವ ಕೆಲಸ, ಇಲ್ಲಿಗೆ ಬೇಡ.

ಈಗ ಬೆಸೆದ ರಿಲೇಯ ವಿಷಯಕ್ಕೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೀಟಿನ ಕೆಳಗೆ ಪೆಟ್ಟಿಗೆಯೊಂದರಲ್ಲಿ ಕೂತ ತಾಮ್ರದ ಬಿಲ್ಲೆಗಳಿಗೆ ಆ ಕಾವು ಎಲ್ಲಿಂದ ಬರಬೇಕು? ಕಾಂಟ್ಯಾಕ್ಟುಗಳು ಬರಿಗಣ್ಣಿಗೆ ಪೂರ್ತಿ ತಾಗಿದಂತೆ ಕಂಡರೂ ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಉಬ್ಬುಗಳಲ್ಲಿ. ಇಡೀ ಕರೆಂಟು ಆ ಉಬ್ಬುಗಳ ಮೂಲಕವೇ ನುಸುಳಬೇಕು. ಕಳೆದ ಶತಮಾನದಲ್ಲಿ ರಾಗ್ನರ್ ಹೋಲ್ಮ್ ಈ ಸಂಪರ್ಕಬಿಂದುಗಳನ್ನೇ ಜೀವನಪೂರ್ತಿ ಅಧ್ಯಯನ ಮಾಡಿದ ವಿಜ್ಞಾನಿ. ಆ ಶಾಸ್ತ್ರ ಕೊಡುವ ಲೆಕ್ಕ ಸರಳ: ತಾಮ್ರದ ಕಾಂಟ್ಯಾಕ್ಟಿನ ಆಚೀಚೆ ಸುಮಾರು 0.12 ವೋಲ್ಟ್ ವ್ಯತ್ಯಾಸ ಬಂದರೆ ತಾಗುವ ಬಿಂದು ಮೆತ್ತಗಾಗುತ್ತದೆ, ಸುಮಾರು 0.43 ವೋಲ್ಟ್ ಆದರೆ ಕರಗುತ್ತದೆ. 60 ಆಂಪಿಯರ್ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ಕಾಂಟ್ಯಾಕ್ಟಿನ ತಡೆ 2 ಮಿಲಿಓಮ್ ಇದ್ದರೆ ವ್ಯತ್ಯಾಸ 0.12 ವೋಲ್ಟ್, 7 ಮಿಲಿಓಮ್ ಇದ್ದರೆ 0.42. ಅಂದರೆ ಗಟ್ಟಿ ಕಾಂಟ್ಯಾಕ್ಟಿಗೂ ಕರಗುವ ಕಾಂಟ್ಯಾಕ್ಟಿಗೂ ನಡುವೆ ಇರುವುದು ಒಂದು ಓಮಿನ ಸಾವಿರದಲ್ಲಿ ಐದು ಪಾಲು. ಇಷ್ಟು ಕಿರಿದಾದ ಅಂತರವನ್ನು ಕಾಪಾಡುವುದು ಕಾಯಿಲಿನ ಎಳೆತ. ಎಳೆತ ಬಿಗಿಯಾಗಿದ್ದರೆ ಹೆಚ್ಚು ಉಬ್ಬುಗಳು ತಾಗುತ್ತವೆ, ತಡೆ ಕಡಿಮೆಯಾಗುತ್ತದೆ. ಎಳೆತ ಸಡಿಲಾದರೆ ತಡೆ ಏರುತ್ತದೆ. ಎಳೆತಕ್ಕೆ ಬೇಕಾದ ವೋಲ್ಟೇಜು ಬರುವುದು ಅದೇ ಬ್ಯಾಟರಿಯಿಂದ, ಮೋಟರು ಹಿಂಡುತ್ತಿರುವ ಅದೇ ಹೊತ್ತಿನಲ್ಲಿ.

ಬ್ಯಾಟರಿ ಸೋತಾಗ ಕೇಳಿಸುವ ‘ಟಕಟಕಟಕ’ ಸದ್ದನ್ನು ಈ ಬೆಳಕಿನಲ್ಲಿ ನೋಡಿ. ಬಟನ್ ಒತ್ತಿದಾಗ ಹೊರೆಯಿಲ್ಲದ ಬ್ಯಾಟರಿ 12 ವೋಲ್ಟ್ ತೋರಿಸುತ್ತದೆ, ಕಾಯಿಲು ಪಟ್ಟಿಯನ್ನು ಎಳೆಯುತ್ತದೆ, ದಪ್ಪ ದಾರಿ ಕೂಡುತ್ತದೆ. ಮೋಟರು ಕರೆಂಟು ಹೀರಿದೊಡನೆ ವೋಲ್ಟೇಜು ಅರ್ಧಕ್ಕಿಂತ ಕೆಳಗೆ ಕುಸಿಯುತ್ತದೆ, ಕಾಯಿಲು ಪಟ್ಟಿಯನ್ನು ಹಿಡಿದುಕೊಳ್ಳಲಾರದೆ ಬಿಡುತ್ತದೆ. ಹೊರೆ ಹೋಯಿತಲ್ಲ, ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಕಾಯಿಲು ಮತ್ತೆ ಎಳೆಯುತ್ತದೆ. ಬೆರಳು ಬಟನ್ನಿನ ಮೇಲಿರುವಷ್ಟು ಹೊತ್ತೂ ಸೆಕೆಂಡಿಗೆ ಹಲವು ಬಾರಿ ಇದೇ ನಡೆಯುತ್ತದೆ. ಪ್ರತಿ ಸಲ ಕೂಡುವುದೂ ಮೋಟರು ನಿಂತಿರುವಾಗ, ಅಂದರೆ ಅದು ಅತಿ ಹೆಚ್ಚು ಕರೆಂಟು ಬೇಡುವಾಗ. ಪ್ರತಿ ಸಲ ಬಿಡುವುದೂ ಆ ಕರೆಂಟು ಹರಿಯುತ್ತಿರುವಾಗಲೇ, ಅಂದರೆ ಕಿಡಿಯೊಂದಿಗೆ. ತಿಂಗಳುಗಟ್ಟಲೆ ಬಳಸಿದರೂ ಆಗದ ಸವೆತ ಒಂದು ಮುಂಜಾನೆಯ ಹಟದಲ್ಲಿ ಆಗಿಬಿಡಬಹುದು. ಟಕಟಕ ಕೇಳಿಸಿದಾಗ ಇನ್ನಷ್ಟು ಬಲವಾಗಿ, ಇನ್ನಷ್ಟು ಹೊತ್ತು ಬಟನ್ ಒತ್ತುವುದು ನಮ್ಮೆಲ್ಲರ ಸ್ವಭಾವ. ಬಟನ್ನಿಗೆ ಬೆರಳಿನ ಬಲ ಗೊತ್ತಾಗುವುದಿಲ್ಲ ಎಂಬುದು ಬೇರೆ ಮಾತು. ಆಮೇಲೆ ಯಾರೋ ದೊಡ್ಡ ಬ್ಯಾಟರಿಯಿಂದ ಜಂಪ್ ಕೊಡುತ್ತಾರೆ, ಕಿಡಿ ತಿಂದು ಒರಟಾದ ಕಾಂಟ್ಯಾಕ್ಟಿನ ಮೇಲೆ ಒಮ್ಮೆಗೇ ಭರಪೂರ ಕರೆಂಟು ನುಗ್ಗುತ್ತದೆ, ಎರಡು ಬಿಲ್ಲೆಗಳು ಒಂದಾಗುತ್ತವೆ. ಬೈಕು ಸ್ಟಾರ್ಟ್ ಆಗುತ್ತದೆ, ಸೆಲ್ಫ್ ನಿಲ್ಲುವುದಿಲ್ಲ. ಎಂಜಿನ್ ಸದ್ದಿನಲ್ಲಿ ಅದು ಕಿವಿಗೆ ಬೀಳದಿದ್ದರೆ ಒಂದೆರಡು ಕಿಲೋಮೀಟರಿನಲ್ಲಿ ಮೋಟರಿನ ಕಾರ್ಬನ್ನೂ ಸುಟ್ಟಿರುತ್ತದೆ.

‘ಬ್ಯಾಟರಿ ಚೆನ್ನಾಗಿದೆ, ಹಾರನ್ ಹೊಡೆಯುತ್ತೆ, ಲೈಟು ಉರಿಯುತ್ತೆ’ ಎಂಬುದು ಇದಕ್ಕೆ ಮೊದಲ ಆಕ್ಷೇಪ. 35 ವಾಟಿನ ಹೆಡ್‌ಲೈಟು ಎಳೆಯುವುದು ಮೂರು ಆಂಪಿಯರ್. ಸೆಲ್ಫ್ ಎಳೆಯುವುದು ಅದರ ಹತ್ತಿಪ್ಪತ್ತು ಪಟ್ಟು. ಬ್ಯಾಟರಿಯ ಒಳತಡೆ 50 ಮಿಲಿಓಮ್ ಇದ್ದರೆ 60 ಆಂಪಿಯರಿಗೆ 3 ವೋಲ್ಟ್ ಕುಸಿತ, 12.6 ಹೋಗಿ 9.6 ಉಳಿಯುತ್ತದೆ, ಸಾಕು. ವಯಸ್ಸಾಗಿ ಒಳತಡೆ ಎರಡರಷ್ಟಾದರೆ ಅದೇ ಲೆಕ್ಕದಲ್ಲಿ 6.6 ಉಳಿಯುತ್ತದೆ. ಹೆಡ್‌ಲೈಟಿಗೆ ಮಾತ್ರ ಆ ಮುಪ್ಪು ಗೊತ್ತೇ ಆಗುವುದಿಲ್ಲ, ಅದರ ಪಾಲಿಗೆ ಕುಸಿತ 0.3 ವೋಲ್ಟ್ ಅಷ್ಟೆ. ಇನ್ನು ‘ಸೆಲ್ಫ್ ಜಾಸ್ತಿ ಹೊಡೆದರೆ ಬ್ಯಾಟರಿ ಇಳಿಯುತ್ತೆ’ ಎಂಬ ನಂಬಿಕೆ. ಎರಡು ಸೆಕೆಂಡಿನ ಒಂದು ಒಳ್ಳೆಯ ಸ್ಟಾರ್ಟಿಗೆ 60 ಆಂಪಿಯರಿನಂತೆ ಖರ್ಚಾಗುವುದು 0.033 ಆಂಪಿಯರ್-ಅವರ್. 100 ಸಿಸಿ ಬೈಕಿನಲ್ಲಿರುವ 3 ಆಂಪಿಯರ್-ಅವರಿನ ಪುಟ್ಟ ಬ್ಯಾಟರಿಗೂ ಅದು ನೂರರಲ್ಲಿ ಒಂದು ಪಾಲು. ಬ್ಯಾಟರಿಯನ್ನು ಕೊಲ್ಲುವುದು ಸ್ಟಾರ್ಟ್ ಅಲ್ಲ. ವಾರಗಟ್ಟಲೆ ನಿಲ್ಲಿಸಿಡುವುದು, ಬೆಂಗಳೂರಿನ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಚಿಕ್ಕ ಓಡಾಟ, ಹಸಿರು ಕಿಲುಬು ಹಿಡಿದ ಟರ್ಮಿನಲ್ಲು, ಮಲೆನಾಡಿನ ಮಳೆಗೆ ತುಕ್ಕು ಹಿಡಿದ ಎಂಜಿನ್ ಅರ್ತ್ ಬೋಲ್ಟು ಇವೇ ಹೆಚ್ಚು ಹಾಳುಮಾಡುತ್ತವೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಸದಾ ಉರಿಯಬೇಕೆಂಬ ನಿಯಮ ಬಂದ ಮೇಲೆ, ನಿಧಾನಗತಿಯಲ್ಲಿ ಹುಟ್ಟುವ ವಿದ್ಯುತ್ತಿನಲ್ಲಿ ಬ್ಯಾಟರಿಗೆ ಉಳಿಯುವ ಪಾಲು ಇನ್ನಷ್ಟು ಕಿರಿದಾಗಿದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ರಿಲೇ ಕೆಲವು ನೂರು ರೂಪಾಯಿಯ ವಸ್ತು, ಅದಕ್ಕಾಗಿ ಇಷ್ಟೆಲ್ಲ ಶೋಧನೆ ಯಾಕೆ? ಬದಲಿಸಿ ನೋಡೋಣ, ಮತ್ತೆ ಹೋದರೆ ಆಗ ಯೋಚಿಸೋಣ. ಮೆಕ್ಯಾನಿಕ್‌ಗಳ ಈ ಧೋರಣೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಗಂಟೆಗಟ್ಟಲೆ ವೈರು ಹುಡುಕಿದ್ದಕ್ಕೆ ನಾವು ಕೂಲಿ ಕೊಡುವುದಿಲ್ಲ, ಬದಲಿಸಿದ ಸಾಮಾನಿಗೆ ಮಾತ್ರ ಕೊಡುತ್ತೇವೆ, ಹಾಗಿರುವಾಗ ಅವರು ಸಾಮಾನನ್ನೇ ಬದಲಿಸಿದರೆ ತಪ್ಪು ಅರ್ಧ ನಮ್ಮದು. ಆದರೆ ಎರಡನೆಯ ಸಲ ರಿಲೇ ಬೆಸೆದಾಗ ಹೋಗುವುದು ರಿಲೇ ಮಾತ್ರ ಎಂಬ ಖಾತ್ರಿ ಇಲ್ಲ. ಮೋಟರು, ಬ್ಯಾಟರಿ, ಕೇಬಲು, ದುರದೃಷ್ಟವಿದ್ದರೆ ಸೀಟಿನ ಕೆಳಗಿನ ಬೆಂಕಿ ಇವೂ ಆ ಲೆಕ್ಕದಲ್ಲಿವೆ. ಉಳಿತಾಯಕ್ಕೆಂದು ತಟ್ಟಿ ಬಿಡಿಸಿದ ರಿಲೇಯನ್ನೇ ಓಡಿಸುವುದು, ಬಿಚ್ಚಿ ಉಜ್ಜಿ ಮತ್ತೆ ಹಾಕುವುದು ಇದಕ್ಕಿಂತ ಕೆಟ್ಟದ್ದು. ಒಮ್ಮೆ ಬೆಸೆದು ಕಿತ್ತ ಮೇಲ್ಮೈ ಸಮತಟ್ಟಾಗಿರುವುದಿಲ್ಲ, ತಾಗುವ ಉಬ್ಬುಗಳು ಮೊದಲಿಗಿಂತ ಕಡಿಮೆ, ಮುಂದಿನ ಬೆಸುಗೆ ಮೊದಲಿನದಕ್ಕಿಂತ ಸುಲಭ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಸ್ಪೇರ್ಸ್ ಅಂಗಡಿಯಲ್ಲಾಗಲಿ ಅಸಲಿನ ಅರ್ಧ ಬೆಲೆಗೆ ಸಿಗುವ ರಿಲೇ ಹೊರಗಿನಿಂದ ಅದೇ ಆಕಾರದ್ದಿರುತ್ತದೆ. ಒಳಗಿನ ತಾಮ್ರ ಎಷ್ಟು ದಪ್ಪವಿದೆ ಎಂಬುದು ಮುಚ್ಚಿದ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ರಿಲೇಯೇ ತಪ್ಪಿತಸ್ಥ ಆಗಿರುವ ಸಂದರ್ಭ ಇಲ್ಲವೇ ಇಲ್ಲ ಎಂದರೆ ಅದು ಹಟವಾದೀತು. 2015ರಲ್ಲಿ ಹೋಂಡಾ ಕಂಪನಿ ಭಾರತದಲ್ಲಿ ಮಾರಿದ ಸಿಬಿಆರ್ 150ಆರ್ ಮತ್ತು 250ಆರ್ ಬೈಕುಗಳನ್ನು ಸ್ಟಾರ್ಟರ್ ರಿಲೇ ಸ್ವಿಚ್ ಬದಲಿಸಿಕೊಡಲೆಂದೇ ವಾಪಸ್ ಕರೆಸಿತ್ತು. ತಯಾರಿಕೆಯಲ್ಲೇ ದೋಷ ಇರಬಹುದು ಎಂಬುದಕ್ಕೆ ಇಷ್ಟು ಸಾಕು. ಬ್ಯಾಟರಿ ಹೊಸದು, ಕೇಬಲು ಶುದ್ಧ, ಅಳತೆಗಳೆಲ್ಲ ಸರಿ, ಆದರೂ ರಿಲೇ ಅಂಟಿತು ಎಂದರೆ ಆಗ ರಿಲೇಯನ್ನು ದೂರೋಣ. ವಾದ ಇರುವುದು ಕ್ರಮದ ಬಗ್ಗೆ: ಅಳೆದ ಮೇಲೆ ದೂರುವುದು, ದೂರಿದ ಮೇಲೆ ಅಳೆಯುವುದಲ್ಲ.

ಹಳಬರು ಇನ್ನೊಂದು ಮಾತು ಸೇರಿಸುತ್ತಾರೆ: ಕಿಕ್ಕರ್ ಇದ್ದ ಕಾಲದಲ್ಲಿ ಇದ್ಯಾವ ಗೋಳೂ ಇರಲಿಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರು 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂತು. ನಮ್ಮಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಿಂದ ಜನ ಬಟನ್ನಿನ ರುಚಿ ಕಂಡರು. 2021ರ ಹೊಸ ಕ್ಲಾಸಿಕ್ 350ರ ಹೊತ್ತಿಗೆ ರಾಯಲ್ ಎನ್‌ಫೀಲ್ಡ್‌ನಂಥ ಕಂಪನಿಯೂ ಅದರಿಂದ ಕಿಕ್ಕರನ್ನು ಕೈಬಿಟ್ಟಿತು. ಹಳಬರ ಮಾತಿನಲ್ಲಿ ಸತ್ಯವಿದೆ, ಬ್ಯಾಟರಿ ಸೋತ ಮುಂಜಾನೆ ಕಿಕ್ ಹೊಡೆದಿದ್ದರೆ ಟಕಟಕ ಆಗುತ್ತಲೇ ಇರಲಿಲ್ಲ, ಕಿಕ್ಕರ್ ಇರುವವರು ಈಗಲೂ ಹಾಗೇ ಮಾಡಬೇಕು. ಆದರೆ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಪೆಟ್ರೋಲ್ ಪಂಪಿಗೂ ಎಂಜಿನ್ ನಿಯಂತ್ರಿಸುವ ಇಸಿಯುಗೂ ವೋಲ್ಟೇಜು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವು ಅಷ್ಟೇ. ಆಕ್ಟಿವಾ 6ಜಿಯಂಥ ಸ್ಕೂಟರುಗಳಲ್ಲಿ ಆಲ್ಟರ್ನೇಟರೇ ಸ್ಟಾರ್ಟರಿನ ಕೆಲಸವನ್ನೂ ಮಾಡುತ್ತದೆ, ಕರೆಂಟನ್ನು ನಿಯಂತ್ರಿಸುವುದು ಟ್ರಾನ್ಸಿಸ್ಟರುಗಳು. ಅಲ್ಲಿ ಮೋಟರನ್ನು ತಿರುಗಿಸುವುದೂ ನಿಲ್ಲಿಸುವುದೂ ತಾಮ್ರದ ಕಾಂಟ್ಯಾಕ್ಟಿನ ಕೈಯಲ್ಲಿಲ್ಲ. ಹಾಗೆಂದು ಅಲ್ಲಿ ಬ್ಯಾಟರಿ ಹೇಗಿದ್ದರೂ ನಡೆಯುತ್ತದೆ ಎಂದೇನಲ್ಲ. ರಸ್ತೆಯಲ್ಲಿರುವ ಹಳೆಯ ರಿಲೇಗಳು ಇನ್ನೂ ಬಹುಕಾಲ ನಮ್ಮೊಂದಿಗೆ ಇರುತ್ತವೆ.

ಅಳತೆ ಕಷ್ಟದ್ದಲ್ಲ, ಸಾಧಾರಣ ಡಿಜಿಟಲ್ ಮೀಟರು ಸಾಕು. ರಾತ್ರಿಯೆಲ್ಲ ನಿಂತ ಬೈಕಿನ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು. ಸೆಲ್ಫ್ ಹೊಡೆಯುತ್ತಿರುವಾಗ 9.5ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಸ್ವಲ್ಪ ರೇಸ್ ಆಗಿದ್ದಾಗ 13.5ರಿಂದ 14.5ರ ನಡುವೆ ಇರಬೇಕು, ಇಲ್ಲದಿದ್ದರೆ ರೆಗ್ಯುಲೇಟರೋ ಆಲ್ಟರ್ನೇಟರೋ ಕೈಕೊಟ್ಟಿದೆ, ಹೊಸ ಬ್ಯಾಟರಿ ಹಾಕಿದರೂ ಅದೂ ಸಾಯುತ್ತದೆ. ಬ್ಯಾಟರಿಯ ಪಾಸಿಟಿವ್‌ಗೆ ಒಂದು ಮುಳ್ಳು, ಮೋಟರಿನ ಟರ್ಮಿನಲ್ಲಿಗೆ ಇನ್ನೊಂದು ಮುಳ್ಳು ಇಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಡುವಿನ ಕೇಬಲೋ ರಿಲೇಯೋ ವೋಲ್ಟೇಜು ನುಂಗುತ್ತಿದೆ. ನೆಗೆಟಿವ್ ತುದಿ ಮತ್ತು ಎಂಜಿನ್ ಮೈ ನಡುವೆ ಹಾಗೆಯೇ ಅಳೆದು 0.3 ದಾಟಿದರೆ ಅರ್ತ್ ಬೋಲ್ಟು ಬಿಚ್ಚಿ ಉಜ್ಜಬೇಕು. ಇಷ್ಟಕ್ಕೂ ಕಾಲು ಗಂಟೆ ಸಾಕು. ಹೊಸ ರಿಲೇ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಡುವ ಮುನ್ನ ಸೆಲ್ಫ್ ಹೊಡೆಯುವಾಗ ವೋಲ್ಟೇಜು ಎಷ್ಟಿತ್ತು ಎಂದು ಮೆಕ್ಯಾನಿಕ್‌ರನ್ನು ಕೇಳಿ. ಅಳೆದಿಲ್ಲ ಎಂದರೆ ಅಳೆಯಲು ಹೇಳಿ, ಆ ಕೆಲಸಕ್ಕೂ ಕೂಲಿ ಕೊಡಿ.